ದರ್ಪಣ, ವೃತ್ತ, ಸಮವಸರಣ: ಜೈನ ಕಲೆಯಲ್ಲಿ ದೃಷ್ಟಿಭ್ರಮೆಯೂ ಕ್ಷೇತ್ರಗಣಿತವೂ

ಸಮವಸರಣದ ಮಧ್ಯದಲ್ಲಿ, ಗಂಧಕುಟಿಯ ಕಮಲಾಸನದಿಂದ ನಾಲ್ಕು ಅಂಗುಲ ಮೇಲೆ, ಅದನ್ನು ಸ್ಪರ್ಶಿಸದೆ ವಿರಾಜಮಾನರಾಗಿರುವ ಜಿನೇಂದ್ರರಿಗೆ ಮುಖ ಒಂದೇ. ಆದರೆ ಸುತ್ತಲಿನ ಹನ್ನೆರಡು ಕೋಷ್ಠಗಳಲ್ಲಿ ಕುಳಿತ ದೇವ, ಮನುಷ್ಯ, ತಿರ್ಯಂಚರೆಲ್ಲರಿಗೂ ಆ ಮುಖವು ತಮ್ಮ ಎದುರಿಗೇ ಇದೆಯೆಂದು ತೋರುತ್ತದೆ. ಕೇವಲಜ್ಞಾನದ ಅತಿಶಯಗಳನ್ನು ಎಣಿಸುವಾಗ ಆಗಮಗಳು ಈ ಚತುರ್ಮುಖತ್ವವನ್ನು ಹೇಳುತ್ತವೆ. ಜಿನದೇಹಕ್ಕೆ ನೆರಳು ಬೀಳುವುದಿಲ್ಲವೆಂದು ಹೇಳುತ್ತವೆ. ಪ್ರಾತಿಹಾರ್ಯಗಳ ಪ್ರಸಂಗದಲ್ಲಿ, ಭಾಮಂಡಲದೊಳಗೆ ಭವ್ಯಜೀವಿಯು ತನ್ನ ಏಳು ಭವಗಳನ್ನು ಕನ್ನಡಿಯಲ್ಲಿ ಕಂಡಂತೆ ಕಾಣುತ್ತಾನೆಂದೂ ಹೇಳುತ್ತವೆ. ಇರುವುದು ಒಂದು, ಕಾಣುವುದು ನಾಲ್ಕು, ದೇಹವಿದೆ, ನೆರಳಿಲ್ಲ, ಬೆಳಕಿನ ವೃತ್ತವಿದೆ, ಅದರೊಳಗೆ ಕಾಲವೇ ಪ್ರತಿಬಿಂಬಿಸಿದೆ. ಕಣ್ಣಿಗೂ ವಸ್ತುವಿಗೂ ನಡುವಣ ಸಂಬಂಧವನ್ನು ಇಷ್ಟು ಸೂಕ್ಷ್ಮವಾಗಿ ಚಿಂತಿಸಿದ ಪರಂಪರೆಯೊಂದು ಕಲ್ಲು, ಬಣ್ಣ, ಗಾಜುಗಳನ್ನು ಕೈಗೆತ್ತಿಕೊಂಡಾಗ ಏನು ಮಾಡಿತೆಂಬುದು ಕಲೆಯ ಇತಿಹಾಸದಲ್ಲಿ ಕುತೂಹಲಕಾರಿಯಾದ ಅಧ್ಯಾಯ. ಶಿಲ್ಪದ ಬಗೆಗೆ ವಿಪುಲವಾಗಿ ಬರೆದ ವಿದ್ವಾಂಸರೂ ಈ ಅಂಶವನ್ನು ಬಹುಮಟ್ಟಿಗೆ ಬದಿಗೆ ಸರಿಸಿದ್ದಾರೆ.

ಭ್ರಮೆಯೆಂಬ ಮಾತಿಗೆ ದರ್ಶನಶಾಸ್ತ್ರದಲ್ಲಿ ಒಳ್ಳೆಯ ಹೆಸರಿಲ್ಲ. ಕಪ್ಪೆಚಿಪ್ಪನ್ನು ಬೆಳ್ಳಿಯೆಂದು ತಿಳಿಯುವುದು ವಿಪರ್ಯಯ; ಅದು ಪ್ರಮಾಣವಲ್ಲ. ಸ್ಫಟಿಕದ ದೃಷ್ಟಾಂತವಂತೂ ಸರ್ವವಿದಿತ. ಸ್ವಭಾವತಃ ನಿರ್ಮಲವಾದ ಸ್ಫಟಿಕಮಣಿಯು ತಾನಾಗಿ ಕೆಂಪಾಗದು, ಪಕ್ಕದ ಕೆಂಪು ವಸ್ತುವಿನಿಂದ ಕೆಂಪಾಗಿ ತೋರುತ್ತದೆ. ಆತ್ಮನ ರಾಗಾದಿಗಳೂ ಹಾಗೆಯೇ ಎಂದು ಕುಂದಕುಂದಾಚಾರ್ಯರು ‘ಸಮಯಸಾರ’ದಲ್ಲಿ ವಿವರಿಸಿದ್ದಾರೆ. ಇಲ್ಲಿ ಗಾಜಿನಂಥ ಪಾರದರ್ಶಕ ವಸ್ತುವೇ ಭ್ರಮೆಗೆ ಆಶ್ರಯ. ಆದರೆ ಇದೇ ಪರಂಪರೆಯಲ್ಲಿ ದರ್ಪಣಕ್ಕೆ ಬೇರೆಯೇ ಸ್ಥಾನವುಂಟು. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದ ಮಂಗಲಶ್ಲೋಕದಲ್ಲಿಯೇ ಅಲೋಕಸಹಿತವಾದ ಮೂರು ಲೋಕಗಳಿಗೆ ಭಗವಂತನ ಜ್ಞಾನವನ್ನು ಕನ್ನಡಿಯಾಗಿಸಿದರು, ಅಮೃತಚಂದ್ರಸೂರಿಗಳು ‘ಪುರುಷಾರ್ಥಸಿದ್ಧ್ಯುಪಾಯ’ದ ಆರಂಭದಲ್ಲಿ ಅದೇ ಉಪಮೆಯನ್ನು ಬಳಸಿದರು. ಕನ್ನಡಿಯು ವಸ್ತುವಿನ ಬಳಿಗೆ ಹೋಗುವುದಿಲ್ಲ, ವಸ್ತುವು ಕನ್ನಡಿಯೊಳಗೆ ಬರುವುದೂ ಇಲ್ಲ. ಆದರೂ ಅದು ತೋರಿಸುತ್ತದೆ, ತೋರಿಸಿದುದಕ್ಕೆ ಅಂಟಿಕೊಳ್ಳುವುದಿಲ್ಲ. ವೀತರಾಗತೆಗೆ ಇದಕ್ಕಿಂತ ಸಮರ್ಪಕವಾದ ಲೌಕಿಕ ಉಪಮಾನ ದೊರೆಯುವುದು ಕಷ್ಟ. ಅಷ್ಟಮಂಗಲಗಳಲ್ಲಿ ಭೃಂಗಾರ, ಕಲಶಗಳೊಡನೆ ದರ್ಪಣವೂ ಸೇರಿರುವುದು ಕೇವಲ ಅಲಂಕಾರಕ್ಕಾಗಿ ಅಲ್ಲ.

ಭರತ ಚಕ್ರವರ್ತಿಯ ವೃತ್ತಾಂತವನ್ನೂ ಇಲ್ಲಿ ಸ್ಮರಿಸಬೇಕು. ಜಿನಸೇನಾಚಾರ್ಯರು ಅಪೂರ್ಣವಾಗಿ ಬಿಟ್ಟ ಪೂರ್ವಪುರಾಣವನ್ನು ಮುಗಿಸಿದ ಗುಣಭದ್ರಾಚಾರ್ಯರು, ಷಟ್ಖಂಡಾಧಿಪತಿಯು ಕನ್ನಡಿಯಲ್ಲಿ ತನ್ನ ಮುಖದ ಒಂದು ನರೆಗೂದಲನ್ನು ಕಂಡು ವಿರಕ್ತನಾದುದನ್ನು ವರ್ಣಿಸಿದ್ದಾರೆ. ಶ್ವೇತಾಂಬರ ಸಂಪ್ರದಾಯದಲ್ಲಿ ಅದೇ ಪ್ರಸಂಗ ಕನ್ನಡಿಯ ಅರಮನೆಯೊಂದರಲ್ಲಿ ನಡೆಯುತ್ತದೆ. ಬೆರಳಿನಿಂದ ಉಂಗುರ ಜಾರಿ ಬಿದ್ದು, ಬರಿದಾದ ಬೆರಳಿನ ಕಾಂತಿಹೀನತೆಯನ್ನು ಕಂಡು ಚಕ್ರವರ್ತಿಗೆ ವೈರಾಗ್ಯ ಹುಟ್ಟುತ್ತದೆ. ವಿವರಗಳು ಬೇರೆ, ಸಾಧನ ಒಂದೇ. ಕನ್ನಡಿಯ ಮಂದಿರಗಳನ್ನು ಕಟ್ಟಿಸಿದ ಶ್ರೇಷ್ಠಿಗಳು ಈ ಕಥೆಯನ್ನು ಬಾಲ್ಯದಿಂದಲೇ ಕೇಳಿ ಬೆಳೆದವರೆಂಬುದನ್ನು ಮರೆಯಲಾಗದು.

ಚಿತ್ರಕಾರನ ಸಮಸ್ಯೆ ಕನ್ನಡಿಯವನ ಸಮಸ್ಯೆಗಿಂತ ಹಳೆಯದು. ಅದು ಅಳತೆಯ ಸಮಸ್ಯೆ. ಜಂಬೂದ್ವೀಪವು ಒಂದು ಲಕ್ಷ ಯೋಜನ ವ್ಯಾಸದ ವೃತ್ತ. ಅದನ್ನು ಸುತ್ತಿದ ಲವಣಸಮುದ್ರದ ಅಗಲ ಎರಡು ಲಕ್ಷ, ಧಾತಕೀಖಂಡದ್ದು ನಾಲ್ಕು ಲಕ್ಷ, ಕಾಲೋದದ್ದು ಎಂಟು ಲಕ್ಷ, ಪುಷ್ಕರವರದ್ವೀಪದ್ದು ಹದಿನಾರು ಲಕ್ಷ. ಪುಷ್ಕರವರದ ನಡುವೆ ಮಾನುಷೋತ್ತರ ಪರ್ವತ. ಅಲ್ಲಿಯವರೆಗಿನ ಮನುಷ್ಯಲೋಕ, ಎಂದರೆ ಅಢಾಯಿದ್ವೀಪ, ಒಟ್ಟು 45 ಲಕ್ಷ ಯೋಜನ. ಚಿತ್ರಕಾರನು ಒಂದು ಲಕ್ಷ ಯೋಜನವನ್ನು ಒಂದು ಇಂಚಿಗೆ ಇಳಿಸಿದನೆಂದು ಭಾವಿಸೋಣ. ಅಢಾಯಿದ್ವೀಪವು 45 ಇಂಚಿನ ಬಟ್ಟೆಯಲ್ಲಿ ಹಿಡಿಯುತ್ತದೆ, ನಿಜ. ಆದರೆ ಆರು ಕುಲಪರ್ವತ, ಏಳು ಕ್ಷೇತ್ರ, ಹದಿನಾಲ್ಕು ಮಹಾನದಿಗಳನ್ನು ಬರೆಯಬೇಕಾದ ಜಂಬೂದ್ವೀಪವು ಒಂದು ರೂಪಾಯಿ ನಾಣ್ಯದಷ್ಟಾಗುತ್ತದೆ! ಭರತಕ್ಷೇತ್ರದ ಅಗಲವಂತೂ 526 ಯೋಜನ ಮತ್ತು ಹತ್ತೊಂಬತ್ತರಲ್ಲಿ ಆರು ಭಾಗ, ಎಂದರೆ ಜಂಬೂದ್ವೀಪದ 190ರಲ್ಲಿ ಒಂದು ಪಾಲು. ಅದು ಕೂದಲೆಳೆಯಷ್ಟೂ ಕಾಣದು. ಹೊರಗೆ ಸಾಗಿದಷ್ಟೂ ಸಂಕಟ ಇಮ್ಮಡಿಸುತ್ತದೆ. ಎಂಟನೆಯದಾದ ನಂದೀಶ್ವರದ್ವೀಪದ ಅಗಲ 163 ಕೋಟಿ 84 ಲಕ್ಷ ಯೋಜನ. ಅದೇ ಮಾನದಲ್ಲಿ ಆ ಒಂದು ಉಂಗುರವನ್ನು ಬರೆಯಲು 16,384 ಇಂಚು ಬೇಕು. ಕಾಲು ಮೈಲಿಗೂ ಮಿಗಿಲು. ಯಾವ ಬಸದಿಯ ಗೋಡೆಗೂ ಆ ಅಳತೆಯಿಲ್ಲ.

ಪ್ರಾಚೀನ ಚಿತ್ರಕಾರರು ಇದಕ್ಕೆ ಕಂಡುಕೊಂಡ ಉಪಾಯವು ಬುದ್ಧಿಪೂರ್ವಕವಾದ ದೃಷ್ಟಿಭ್ರಮೆಯೇ. ಪಟಗಳಲ್ಲಿ ಜಂಬೂದ್ವೀಪವು ನಡುವೆ ವಿಶಾಲವಾಗಿ ಹರಡಿರುತ್ತದೆ; ಸಮುದ್ರಗಳು ಕಿರಿದಾದ ನೀಲಿ ಪಟ್ಟಿಗಳಾಗಿ, ಅಲೆಯ ಗೆರೆ, ಮೀನುಗಳಿಂದ ತುಂಬಿ, ಸುತ್ತುವರಿಯುತ್ತವೆ. ನೋಡುವ ಕಣ್ಣಿಗೆ ಉಂಗುರಗಳು ಹೆಚ್ಚುಕಡಮೆ ಸಮವಾಗಿ ಕಾಣುತ್ತವೆ. ಪಕ್ಕದಲ್ಲಿ ಬರೆದ ಸಂಖ್ಯೆಯು ಮಾತ್ರ ಇಮ್ಮಡಿ ಇಮ್ಮಡಿಯೆಂದು ಹೇಳುತ್ತದೆ. ಪರ್ವತ, ವೃಕ್ಷಗಳನ್ನು ಎದುರಿನಿಂದ ಕಂಡಂತೆಯೂ ನದಿ, ಸಮುದ್ರಗಳನ್ನು ಆಕಾಶದಿಂದ ಕಂಡಂತೆಯೂ ಒಂದೇ ಬಟ್ಟೆಯ ಮೇಲೆ ಬರೆಯುವುದು ವಾಡಿಕೆ. ಪಾಶ್ಚಾತ್ಯರ ‘ಪರ್ಸ್‌ಪೆಕ್ಟಿವ್’ ಎಂಬ ವಿಧಾನವು ನೋಡುವವನು ಒಂದೇ ಸ್ಥಳದಲ್ಲಿ ನಿಂತಿದ್ದಾನೆಂದು ಭಾವಿಸುತ್ತದೆ. ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು. ಜೈನ ಪಟವು ಹಾಗೆ ಭಾವಿಸುವುದಿಲ್ಲ. ನಯಭೇದದಿಂದ ವಸ್ತುವು ಬೇರೆ ಬೇರೆಯಾಗಿ ತೋರುವುದೆಂದು ನಂಬಿದವರಿಗೆ, ಒಂದೇ ಚಿತ್ರದಲ್ಲಿ ಎರಡು ನೆಲೆಗಳಿಂದ ಕಂಡ ನೋಟವನ್ನು ಕೂಡಿಸುವುದು ದೋಷವೆನಿಸಲಿಲ್ಲ. ಇದನ್ನು ಚಿತ್ರಕಾರನ ಅಜ್ಞಾನವೆಂದು ಹೇಳಿದ ಹಿಂದಿನ ಕೆಲವು ವಿಮರ್ಶಕರು ಪಟದ ಅಂಚಿನ ಸಂಖ್ಯೆಗಳನ್ನು ಓದಿರಲಾರರು.

ಅಜ್ಞಾನದ ಮಾತು ಸಲ್ಲದೆನ್ನಲು ಗಣಿತಗ್ರಂಥಗಳೇ ಸಾಕ್ಷಿ. ಜಂಬೂದ್ವೀಪದ ಪರಿಧಿಯನ್ನು 3,16,227 ಯೋಜನ, 3 ಕ್ರೋಶ, 128 ಧನುಸ್ಸು, ಹದಿಮೂರೂವರೆ ಅಂಗುಲಕ್ಕೆ ಸ್ವಲ್ಪ ಮಿಗಿಲು ಎಂದು ಲೆಕ್ಕ ಹಾಕಿದ್ದಾರೆ. ವ್ಯಾಸದ ವರ್ಗವನ್ನು ಹತ್ತರಿಂದ ಗುಣಿಸಿ ವರ್ಗಮೂಲ ತೆಗೆಯುವ ಸ್ಥೂಲ ವಿಧಾನವಿದು. ನಿಜವಾದ ಪರಿಧಿಗಿಂತ ಸುಮಾರು ಎರಡು ಸಾವಿರ ಯೋಜನ ಹೆಚ್ಚು ಬರುತ್ತದೆ. ಆದರೆ ವೀರಸೇನಾಚಾರ್ಯರ ‘ಧವಳಾ’ ಟೀಕೆಯಲ್ಲಿ ಬರುವ ಮತ್ತೊಂದು ಸೂತ್ರದಲ್ಲಿ ವ್ಯಾಸವನ್ನು ಹದಿನಾರರಿಂದ ಗುಣಿಸಿ, ಹದಿನಾರನ್ನು ಕೂಡಿಸಿ, 113ರಿಂದ ಭಾಗಿಸಿ, ವ್ಯಾಸದ ಮೂರು ಪಟ್ಟನ್ನು ಸೇರಿಸಬೇಕೆಂದಿದೆ. ಕೂಡಿಸುವ ಹದಿನಾರನ್ನು ಬಿಟ್ಟರೆ ಉಳಿಯುವ ಅನುಪಾತವು 355ಕ್ಕೆ 113. ದಶಾಂಶದ ಆರು ಸ್ಥಾನಗಳವರೆಗೆ ಶುದ್ಧವಾದುದು. ಒಂಬತ್ತನೆಯ ಶತಮಾನದ ಈ ಗ್ರಂಥವನ್ನು ಉಳಿಸಿಕೊಟ್ಟದ್ದು ಮೂಡಬಿದಿರೆಯ ತಾಳೆಗರಿಗಳು, ಅದೂ ಕನ್ನಡ ಲಿಪಿಯಲ್ಲಿ, ಎಂಬುದು ಕನ್ನಡಿಗರು ಅಭಿಮಾನಪಡಬೇಕಾದ ಸಂಗತಿ. ಆ ಗರಿಗಳ ಮೇಲಿನ ವರ್ಣಚಿತ್ರಗಳು ದಿಗಂಬರ ಪರಂಪರೆಯ ಉಳಿದಿರುವ ಗ್ರಂಥಚಿತ್ರಗಳಲ್ಲಿ ಅತ್ಯಂತ ಪ್ರಾಚೀನವಾದವುಗಳ ಸಾಲಿಗೆ ಸೇರುತ್ತವೆ.

ಅದೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ವು ಕ್ಷೇತ್ರಗಣಿತದ ಅಧ್ಯಾಯದಲ್ಲಿ ವೃತ್ತವನ್ನು ಎಂಟು ಬಗೆಯಾಗಿ ವಿಂಗಡಿಸುತ್ತದೆ: ಸಮವೃತ್ತ, ಅರ್ಧವೃತ್ತ, ಆಯತವೃತ್ತ, ಕಂಬುಕವೃತ್ತ, ನಿಮ್ನವೃತ್ತ, ಉನ್ನತವೃತ್ತ, ಹೊರಗಿನ ಮತ್ತು ಒಳಗಿನ ಚಕ್ರವಾಲವೃತ್ತಗಳು. ಇವುಗಳಲ್ಲಿ ನಿಮ್ನವೆಂದರೆ ತಗ್ಗಾದುದು, ಉನ್ನತವೆಂದರೆ ಆಮೆಯ ಬೆನ್ನಿನಂತೆ ಉಬ್ಬಿದುದು. ಇಂದಿನ ಶಾಲೆಯ ಪಾಠದಲ್ಲಿ ನಿಮ್ನದರ್ಪಣ, ಪೀನದರ್ಪಣವೆಂದು ಕಲಿಸುವ ಎರಡು ಆಕೃತಿಗಳೂ ಇಲ್ಲಿ ಅಳೆಯಲ್ಪಟ್ಟಿವೆ. ಮಹಾವೀರಾಚಾರ್ಯರು ದರ್ಪಣವನ್ನು ಕುರಿತು ಬರೆಯಲಿಲ್ಲ. ಆದರೆ ಅವರ ಎರಡು ವೃತ್ತಗಳೂ ಮೂರು ಶತಮಾನಗಳೊಳಗೆ ಕರ್ನಾಟಕದ ಬಸದಿಯೊಂದರಲ್ಲಿ ಕನ್ನಡಿಗಳಾದವು. ಅಲ್ಲಿಗೆ ಹೋಗುವ ಮುನ್ನ ಬಣ್ಣದ ಮಾತನ್ನು ಮುಗಿಸಬೇಕು.

ತಮಿಳುನಾಡಿನ ಪುದುಕ್ಕೋಟ್ಟೈ ಬಳಿಯ ಸಿತ್ತನ್ನವಾಸಲ್ ಗುಹಾಲಯದ ಅರ್ಧಮಂಟಪದ ಮುಚ್ಚಿಗೆಯಲ್ಲಿ ಒಂದು ತಾವರೆಗೊಳವಿದೆ. ಎಲೆ, ಮೊಗ್ಗು, ಅರಳಿದ ಹೂ, ಮೀನು, ಹಂಸ, ಆನೆ, ಎಮ್ಮೆಗಳ ನಡುವೆ ಹೂ ಕೊಯ್ಯುವ ಭವ್ಯರು ನಿಂತಿದ್ದಾರೆ. ಸಮವಸರಣದ ಎರಡನೆಯ ಭೂಮಿಯಾದ ಖಾತಿಕಾಭೂಮಿಯೇ ಇದೆಂದು ವಿದ್ವಾಂಸರು ಗುರುತಿಸಿದ್ದಾರೆ. ಪಾಂಡ್ಯ ಶ್ರೀಮಾರ ಶ್ರೀವಲ್ಲಭನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಧುರೆಯ ಇಳಂಗೌತಮನೆಂಬ ಜೈನಾಚಾರ್ಯನು ಈ ಗುಹಾಲಯವನ್ನು ಜೀರ್ಣೋದ್ಧಾರಗೊಳಿಸಿದನೆಂದು ಅಲ್ಲಿಯ ಶಾಸನ ತಿಳಿಸುತ್ತದೆ. ಕೊಳವು ತಲೆಯ ಮೇಲಿದೆಯೆಂಬುದೇ ಇಲ್ಲಿಯ ವಿಶೇಷ. ನೀರನ್ನು ಯಾರೂ ಕತ್ತೆತ್ತಿ ನೋಡುವುದಿಲ್ಲ, ಇಲ್ಲಿ ನೋಡಬೇಕು. ನಿಂತವನು ಕೊಳದ ಕೆಳಗಿದ್ದಾನೆಯೋ, ಕೊಳವನ್ನು ಮೇಲಿನಿಂದ ನೋಡುತ್ತಿದ್ದಾನೆಯೋ ಎಂಬ ಸಂದೇಹ ಕ್ಷಣಕಾಲ ಮೂಡುತ್ತದೆ. ಒಳಗಿನ ಗರ್ಭಗೃಹದ ಮುಚ್ಚಿಗೆಯಲ್ಲಿ ವೃತ್ತ, ಸ್ವಸ್ತಿಕಾಕೃತಿಗಳ ಜಾಲವನ್ನು ಬಟ್ಟೆಯ ಮೇಲುಕಟ್ಟಿನಂತೆ ಬರೆದಿದ್ದಾರೆ; ಕಲ್ಲು ಅಲ್ಲಿ ಬಟ್ಟೆಯಾಗಿದೆ. ಈಗ ಉಳಿದಿರುವುದು ಅಲ್ಪ ಭಾಗ ಮಾತ್ರ.

ಜಿನಕಂಚಿಯೆಂದು ಪ್ರಸಿದ್ಧವಾದ ತಿರುಪ್ಪರುತ್ತಿಕುನ್ರದ ತ್ರೈಲೋಕ್ಯನಾಥ ಜಿನಾಲಯದ ಸಂಗೀತಮಂಟಪವನ್ನು ಕಟ್ಟಿಸಿದವನು ವಿಜಯನಗರದ ದಂಡನಾಯಕ ಇರುಗಪ್ಪ. ಹಂಪೆಯ ಗಾಣಿಗಿತ್ತಿ ಬಸದಿಯೆಂದು ಕರೆಯುವ ಕುಂಥುನಾಥ ಚೈತ್ಯಾಲಯವೂ (1385) ಅವನದೇ. ಆ ಮಂಟಪದ ಮುಚ್ಚಿಗೆಯ ಮೇಲೆ ಮುಂದಿನ ಕಾಲದವರು ತೀರ್ಥಂಕರರ ಚರಿತ್ರೆಗಳನ್ನು ಪಟ್ಟಿಪಟ್ಟಿಯಾಗಿ ಬರೆದಿದ್ದಾರೆ. ಶ್ರವಣಬೆಳಗೊಳದ ಮಠದ ಗೋಡೆಗಳಲ್ಲಿ ಪಾರ್ಶ್ವನಾಥ ಸ್ವಾಮಿಯ ಸಮವಸರಣ, ಭರತನ ಚರಿತ್ರೆ, ನಾಗಕುಮಾರನ ಕಥೆ, ಷಡ್ಲೇಶ್ಯೆಗಳ ವೃಕ್ಷ, ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು ಒಂದರ ಪಕ್ಕದಲ್ಲಿ ಒಂದು ಇವೆ. ಸಮವಸರಣವನ್ನು ಚಿತ್ರಿಸುವ ಕ್ರಮ ಎಲ್ಲೆಡೆಯೂ ಬಹುಮಟ್ಟಿಗೆ ಒಂದೇ: ಪ್ರಾಕಾರಗಳು ಕೈವಾರದಿಂದ ಎಳೆದ ಏಕಕೇಂದ್ರ ವೃತ್ತಗಳು, ನಾಲ್ಕು ದಿಕ್ಕಿನ ಬಾಗಿಲುಗಳು, ಮಾನಸ್ತಂಭಗಳು ಕೇಂದ್ರದಿಂದ ಹೊರಕ್ಕೆ ಮಲಗಿಸಿದಂತೆ. ಚಿತ್ರವನ್ನು ಸುತ್ತಿ ಬಂದವನಿಗೆ ಪ್ರತಿ ಬಾಗಿಲೂ ತನಗೆ ನೆಟ್ಟಗೆ ನಿಂತಂತೆ ಕಾಣಬೇಕು. ಆದಿನಾಥರ ಸಮವಸರಣವು ಹನ್ನೆರಡು ಯೋಜನ. ಅಲ್ಲಿಂದ ಪ್ರತಿ ತೀರ್ಥಂಕರರಿಗೆ ಅರ್ಧ ಯೋಜನದಂತೆ ಕುಗ್ಗಿ ನೇಮಿನಾಥರಲ್ಲಿ ಒಂದೂವರೆ, ಪಾರ್ಶ್ವನಾಥರಲ್ಲಿ ಒಂದೂಕಾಲು, ವರ್ಧಮಾನರಲ್ಲಿ ಒಂದು ಯೋಜನ. ಚಿತ್ರದಲ್ಲಿ ಮಾತ್ರ ಎಲ್ಲವೂ ಸಮಾನ. ಚತುರ್ಮುಖತ್ವವನ್ನು ಬಣ್ಣದಲ್ಲಿ ತೋರಿಸುವುದು ದುಸ್ಸಾಧ್ಯವಾದುದರಿಂದ ವಾಸ್ತುಶಿಲ್ಪಿಗಳು ಅದನ್ನು ಕಟ್ಟಡವಾಗಿಸಿದರು. ಕಾರ್ಕಳದಲ್ಲಿ ಇಮ್ಮಡಿ ಭೈರರಸನು 1586ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಗೆ ನಾಲ್ಕು ಕಡೆಯಿಂದ ಬಂದರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರೇ ಎದುರಾಗುತ್ತಾರೆ.

ಇನ್ನು ಹಳೇಬೀಡು. ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯ ಪ್ರತಿಷ್ಠೆಯ ವೃತ್ತಾಂತವು ಇಂಥ ಮಹೋತ್ಸವದ ಸಂದರ್ಭದಲ್ಲಿ ಸ್ಮರಣೀಯ. ವಿಷ್ಣುವರ್ಧನನ ಮಹಾದಂಡನಾಯಕ ಗಂಗರಾಜನು ತೀರಿಕೊಂಡ ಮೇಲೆ ಅವನ ಮಗ ಬೊಪ್ಪನು ತಂದೆಯ ಸ್ಮರಣಾರ್ಥವಾಗಿ 1133ರಲ್ಲಿ ಈ ಜಿನಾಲಯವನ್ನು ಕಟ್ಟಿಸಿದನು. ತಂದೆಯ ಬಿರುದಿನಿಂದ ಅದು ದ್ರೋಹಘರಟ್ಟ ಜಿನಾಲಯವೆನಿಸಿತು. ಪ್ರತಿಷ್ಠೆ ಮುಗಿದೊಡನೆ ಶೇಷೆಯನ್ನು ಬಂಕಾಪುರದಲ್ಲಿ ಬೀಡುಬಿಟ್ಟಿದ್ದ ಅರಸನಿಗೆ ಒಯ್ದರು. ಅದೇ ಸಮಯಕ್ಕೆ ಅರಸನಿಗೆ ಯುದ್ಧದಲ್ಲಿ ಜಯವೂ ಲಭಿಸಿತ್ತು, ಪುತ್ರನೂ ಜನಿಸಿದ್ದನು. ಸಂತುಷ್ಟನಾದ ವಿಷ್ಣುವರ್ಧನನು ಸ್ವಾಮಿಗೆ ವಿಜಯಪಾರ್ಶ್ವನೆಂದೂ ಕುಮಾರನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನೆಂದು ಶಾಸನ ಹೇಳುತ್ತದೆ.

ಈ ಬಸದಿಯ ಹೊರಗೋಡೆ ಸರಳ. ಹೊಯ್ಸಳೇಶ್ವರದ ಶಿಲ್ಪಸಮೃದ್ಧಿಯನ್ನು ಕಂಡು ಬಂದವರಿಗೆ ನಿರಾಶೆಯೂ ಆದೀತು. ಒಳಗೆ ನವರಂಗದ ಕಂಬಗಳ ಮುಂದೆ ನಿಂತಾಗಲೇ ಶಿಲ್ಪಿಯ ಉದ್ದೇಶ ತಿಳಿಯುವುದು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಅದನ್ನು ಚರಕಿಯಲ್ಲಿ ತಿರುಗಿಸಿ ಕಡೆದು, ಉಜ್ಜಿ ಉಜ್ಜಿ, ಕಪ್ಪು ಕನ್ನಡಿಯಾಗುವಷ್ಟು ಮೆರುಗು ಕೊಟ್ಟಿದ್ದಾರೆ. ಕಂಬದ ದುಂಡು ಭಾಗವು ಅಡ್ಡಲಾಗಿ ಉಬ್ಬಿದೆ, ಉದ್ದಕ್ಕೆ ನೇರವಾಗಿದೆ. ಆದುದರಿಂದ ಅಲ್ಲಿ ಮನುಷ್ಯನ ಎತ್ತರವು ಹೆಚ್ಚು ಬದಲಾಗದೆ ಅಗಲ ಮಾತ್ರ ಕುಗ್ಗಿ, ಕಡ್ಡಿಯಂತೆ ಕಾಣುತ್ತಾನೆ. ಗಂಟೆಯಾಕಾರದ ಭಾಗವು ಎರಡು ಕಡೆಗೂ ಬಾಗಿರುವುದರಿಂದ ಇಡೀ ಮಂಟಪವೇ ಕಿರಿದಾಗಿ ಅದರಲ್ಲಿ ಅಡಗುತ್ತದೆ. ಒಳಕ್ಕೆ ತಗ್ಗಾದ ಕೊರಳಿನಲ್ಲಿ, ನಿಂತ ದೂರಕ್ಕೆ ಅನುಗುಣವಾಗಿ, ಬಿಂಬ ಹಿಗ್ಗುವುದೂ ತಲೆಕೆಳಗಾಗುವುದೂ ಉಂಟು. ಉನ್ನತವೃತ್ತ, ನಿಮ್ನವೃತ್ತಗಳು ಒಂದೇ ಕಂಬದಲ್ಲಿ ಮೇಲೆ ಕೆಳಗೆ ಕುಳಿತಿವೆ. ಒಬ್ಬನೇ ಮನುಷ್ಯ ಒಂದು ಮಾರು ಅಂತರದಲ್ಲಿ ಕೃಶನೂ, ವಾಮನನೂ, ಅಧೋಮುಖನೂ ಆಗುತ್ತಾನೆ. ಆದರೆ ಗರ್ಭಗೃಹದ ಪಾರ್ಶ್ವನಾಥ ಬಿಂಬದ ಹಿಂದೆಯಾಗಲಿ ಪಕ್ಕದಲ್ಲಾಗಲಿ ಈ ಆಟವಿಲ್ಲ. ವಿಕಾರವೆಲ್ಲ ನೋಡುವವನದು. ಸ್ವಾಮಿ ಕಾಯೋತ್ಸರ್ಗದಲ್ಲಿ ಒಬ್ಬರೇ ನಿಂತಿದ್ದಾರೆ. 2023ರಲ್ಲಿ ಹೊಯ್ಸಳೇಶ್ವರ ದೇವಾಲಯವು ಬೇಲೂರು, ಸೋಮನಾಥಪುರಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಗೆ ಬರುವ ಯಾತ್ರಿಕರಲ್ಲಿ ಸ್ವಲ್ಪ ದೂರದ ಈ ಬಸದಿಯವರೆಗೆ ನಡೆಯುವವರು ಕಡಮೆ.

ಗಾಜಿನ ಕನ್ನಡಿಯು ಜಿನಾಲಯವನ್ನು ಪ್ರವೇಶಿಸಿದ್ದು ಬಹಳ ತಡವಾಗಿ. ಪ್ರಾಚೀನ ದರ್ಪಣಗಳು ಕಂಚಿನವು. ಉತ್ತರ ಭಾರತದಲ್ಲಿ ಮೊಗಲರ ಕಾಲದ ಶೀಷ್ ಮಹಲುಗಳಲ್ಲಿ ಮತ್ತು ಜಯಪುರದ ಬಳಿಯ ಅಂಬೇರದ ಅರಮನೆಯಲ್ಲಿ ಗಾಜಿನ ಕೆಲಸವು ಪರಿಪಕ್ವವಾಯಿತು. ಕುಶಲಿಗಳು ಗಾಜನ್ನು ಊದಿ ಗೋಳ ಮಾಡಿ, ಒಳಗೆ ಲೋಹದ ಲೇಪ ಕೊಟ್ಟು, ಆ ಗೋಳವನ್ನು ಒಡೆದು, ಚೂರುಗಳನ್ನು ಗಾರೆಯಲ್ಲಿ ಕೂರಿಸುತ್ತಿದ್ದರು. ಪ್ರತಿ ಚೂರೂ ಉಬ್ಬುಗನ್ನಡಿ. ಪ್ರತಿಯೊಂದರಲ್ಲೂ ಇಡೀ ದೀಪ ಚಿಕ್ಕದಾಗಿ, ನೆಟ್ಟಗೆ ಕಾಣುತ್ತದೆ. ಒಂದು ಸೊಡರಿಗೆ ಸಾವಿರ ಸೊಡರು ಹುಟ್ಟುವುದು ಹೀಗೆ. 1835ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಗಾಜಿನ ಮೇಲೆ ಬೆಳ್ಳಿಯ ಪೊರೆಯನ್ನು ರಾಸಾಯನಿಕವಾಗಿ ಕೂರಿಸುವ ವಿಧಾನವನ್ನು ಕಂಡುಹಿಡಿದ ತರುವಾಯ, ಪಾದರಸದ ಹಳೆಯ ಕ್ರಮವು ಹಿಂದೆ ಸರಿದು, ದೊಡ್ಡ ಸಮತಲ ಕನ್ನಡಿಗಳು ಶ್ರೀಮಂತರ ಕೈಗೆಟುಕುವಂತಾದವು. ಗಾಜಿನ ಜಿನಾಲಯಗಳೆಲ್ಲ ಈ ವರ್ಷಕ್ಕಿಂತ ಈಚಿನವಾಗಿರುವುದು ಆಕಸ್ಮಿಕವಲ್ಲ.

ಕಲಕತ್ತೆಯ ಪಾರ್ಶ್ವನಾಥ ಮಂದಿರವೆಂದು ಪ್ರಸಿದ್ಧವಾದ ಶ್ವೇತಾಂಬರ ಮಂದಿರವನ್ನು ರತ್ನವರ್ತಕ ರಾಯ್ ಬದ್ರಿದಾಸರು 1867ರಲ್ಲಿ ಕಟ್ಟಿಸಿದರು. ಮೂಲನಾಯಕರು ಶೀತಲನಾಥ ಸ್ವಾಮಿ. ಬಣ್ಣದ ಗಾಜು, ಕನ್ನಡಿಯ ಚೂರುಗಳಿಂದ ಹೂಬಳ್ಳಿಗಳನ್ನು ಹೆಣೆದ ಈ ಮಂದಿರದಲ್ಲಿ ರತ್ನದ ಪಟ್ಟೆಗಳನ್ನು ಅರಿತ ಕಣ್ಣೊಂದು ಕೆಲಸ ಮಾಡಿದೆಯೆಂಬುದು ಸ್ಪಷ್ಟ. ಇಂದೋರಿನಲ್ಲಿ ಸರ್ ಸೇಠ್ ಹುಕುಮಚಂದರು ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಕಟ್ಟಿಸಿದ ಕಾಂಚ್ ಮಂದಿರವು ದಿಗಂಬರರದು. ಹೊರಗಿನಿಂದ ಶಿಖರವುಳ್ಳ ಹಳೆಯ ಹವೇಲಿಯಂತೆ ಕಾಣುವ ಇದರ ಒಳಗೆ ನೆಲ, ಕಂಬ, ಗೋಡೆ, ಮುಚ್ಚಿಗೆ, ಬಾಗಿಲಿನ ಹಿಡಿಯವರೆಗೆ ಗಾಜೇ. ಶಾಂತಿನಾಥ ಸ್ವಾಮಿಯ ಕಪ್ಪು ಬಿಂಬವು ಎರಡು ಕಡೆಯ ಕನ್ನಡಿಗಳಲ್ಲಿ ಸಾಲುಸಾಲಾಗಿ ಹಿಂದೆ ಹಿಂದೆ ಸರಿಯುತ್ತ ಹೋಗುತ್ತದೆ.

ಅಜಮೇರದ ಸಿದ್ಧಕೂಟ ಚೈತ್ಯಾಲಯ, ಎಂದರೆ ಸೋನೀಜಿಯವರ ನಸಿಯಾಂ, ಇವೆರಡಕ್ಕಿಂತ ವಿಚಾರಪೂರ್ಣವಾದುದು. ರಾಯಬಹಾದ್ದೂರ್ ಸೇಠ್ ಮೂಲಚಂದ್ ಸೋನಿಯವರು ಕಟ್ಟಿಸಿದ ಈ ದಿಗಂಬರ ಮಂದಿರ 1865ರಲ್ಲಿ ಪ್ರತಿಷ್ಠಿತವಾಯಿತು. ಅದರ ಹಿಂಭಾಗದಲ್ಲಿ ಎರಡು ಅಂತಸ್ತಿನ ವಿಶಾಲ ಸಭಾಂಗಣವೊಂದರಲ್ಲಿ ‘ಸ್ವರ್ಣನಗರಿ’ಯಿದೆ: ಚಿನ್ನದ ಮುಲಾಮಿನ ಅಯೋಧ್ಯೆ, ನಡುವೆ ಮೇರುಪರ್ವತ, ಸುತ್ತ ದ್ವೀಪಸಮುದ್ರಗಳು, ಮೇಲೆ ತೂಗುವ ದೇವವಿಮಾನಗಳು, ಆದಿನಾಥ ಸ್ವಾಮಿಯ ಪಂಚಕಲ್ಯಾಣಗಳೇ ವಿಷಯ. ಜಯಪುರದಲ್ಲಿ ಸಿದ್ಧವಾಗಲು ಇಪ್ಪತ್ತೈದು ವರ್ಷ ಹಿಡಿದ ಈ ರಚನೆಯನ್ನು 1895ರಲ್ಲಿ ಇಲ್ಲಿ ನೆಲೆಗೊಳಿಸಿದರು. ಪಟದಲ್ಲಿ ಚಪ್ಪಟೆಯಾಗಿದ್ದ ತ್ರಿಲೋಕವು ಇಲ್ಲಿ ಎದ್ದು ನಿಂತಿದೆ. ಗೋಡೆ, ಮುಚ್ಚಿಗೆಗಳ ಗಾಜಿನ ಕೆಲಸವು ಬೆಳಕನ್ನು ಹಿಂದಿರುಗಿಸುತ್ತ, ಕೋಣೆಗೆ ಎಲ್ಲೆಯಿಲ್ಲವೆಂಬ ಭಾವವನ್ನು ಹುಟ್ಟಿಸುತ್ತದೆ. ಗಾಜು ಇಲ್ಲಿ ಒಂದು ನಿಶ್ಚಿತ ಕಾರ್ಯಕ್ಕಾಗಿ ಬಂದಿದೆ. ಕಾಲು ಮೈಲಿಯ ಗೋಡೆಯಿಲ್ಲದೆ ಹೋದ ಚಿತ್ರಕಾರನ ಹಳೆಯ ಕೊರತೆಯನ್ನು ಅದು ತುಂಬುತ್ತದೆ.

ಎದುರುಬದುರಾದ ಎರಡು ಸಮತಲ ಕನ್ನಡಿಗಳು ಒಂದರ ಬಿಂಬವನ್ನು ಇನ್ನೊಂದಕ್ಕೆ ಕೊಡುತ್ತ ಹೋಗುವುದರಿಂದ ಸಾಲು ಮುಗಿಯಬಾರದು. ಕೋನದಲ್ಲಿ ನಿಲ್ಲಿಸಿದರೆ ಎಣಿಕೆ ನಿಯತ: ಲಂಬಕೋನಕ್ಕೆ ಮೂರು ಬಿಂಬ, 60 ಅಂಶಕ್ಕೆ ಐದು, 45ಕ್ಕೆ ಏಳು. ನಕ್ಷತ್ರ, ಷಟ್ಕೋನ, ಅಷ್ಟದಳಗಳು ಮೂಲೆಗಳಲ್ಲಿ ತಾವಾಗಿ ಅರಳುವುದು ಈ ಲೆಕ್ಕದಿಂದ. ಎದುರುಬದುರಿನ ಸಾಲು ಮಾತ್ರ ಅನಂತವೆಂದು ಜನ ಹೇಳುವುದುಂಟು, ಅದು ಸರಿಯಲ್ಲ. ಪ್ರತಿಯೊಂದು ಪ್ರತಿಫಲನದಲ್ಲಿಯೂ ಬೆಳಕು ಸ್ವಲ್ಪ ಸ್ವಲ್ಪವಾಗಿ ನಷ್ಟವಾಗುತ್ತದೆ, ಗಾಜಿನ ಹಸಿರು ಛಾಯೆ ಕೂಡುತ್ತ ಬರುತ್ತದೆ. ಕೆಲವು ಹತ್ತು ಬಿಂಬಗಳಾಚೆ ಎಲ್ಲವೂ ಹಸಿರುಗತ್ತಲು. ಸಂಖ್ಯಾತ, ಅಸಂಖ್ಯಾತ, ಅನಂತಗಳನ್ನು ಬೇರ್ಪಡಿಸಿ ಲಕ್ಷಣ ಹೇಳಿದ ಆಚಾರ್ಯರು ಇದನ್ನು ಕಂಡಿದ್ದರೆ ಸಂಖ್ಯಾತದಲ್ಲಿಯೇ ಸೇರಿಸುತ್ತಿದ್ದರು!

ಈ ಮಾತಿಗೆ ಇಂದು ವ್ಯಾವಹಾರಿಕ ಮಹತ್ವವಿದೆ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಅನೇಕ ಕಡೆ ಗರ್ಭಗೃಹದ ಒಳಗೋಡೆಗಳಿಗೇ ಕನ್ನಡಿಯ ಬಿಲ್ಲೆಗಳನ್ನು ಅಂಟಿಸುವ ರೂಢಿ ಬೆಳೆಯುತ್ತಿದೆ. ಹಳೆಯ ಗಾರೆಚಿತ್ರಗಳ ಮೇಲೆ ಸುಣ್ಣ ಇಲ್ಲವೆ ಎಣ್ಣೆಬಣ್ಣ ಬಳಿಯುವುದು, ಮೆರುಗಿನ ಕಲ್ಲುಗಂಬಕ್ಕೆ ಬಣ್ಣ ಹಚ್ಚುವುದು ಅದರ ಸಂಗಾತಿಗಳು. ದಾನಿಗಳ ಭಕ್ತಿ ಪ್ರಶಂಸನೀಯವೇ. ಆದರೆ ಭಕ್ತಿಯು ಪರಂಪರೆಯ ತರ್ಕವನ್ನು ಕೇಳಿ ತಿಳಿಯುವುದು ಅವಶ್ಯ. ನಂದೀಶ್ವರ ಪ್ರತಿಮೆಯನ್ನು ನೋಡಿದರೆ ವ್ಯತ್ಯಾಸ ಸ್ಫುಟವಾಗುತ್ತದೆ. ಅಲ್ಲಿ ದಿಕ್ಕಿಗೆ ಒಂದು ಅಂಜನಗಿರಿ, ನಾಲ್ಕು ದಧಿಮುಖ, ಎಂಟು ರತಿಕರ. ದಿಕ್ಕಿಗೆ ಹದಿಮೂರರಂತೆ ಐವತ್ತೆರಡು ಚೈತ್ಯಾಲಯ. ಒಂದೊಂದು ಪುಟ್ಟ ಬಿಂಬಕ್ಕೂ ತನ್ನದೇ ಬೆಟ್ಟ, ತನ್ನದೇ ದಿಕ್ಕು ಉಂಟು. ಕನ್ನಡಿಯು ಕೊಡುವ ಐವತ್ತು ಬಿಂಬಗಳಿಗೆ ಸ್ಥಾನವಿಲ್ಲ. ಭಕ್ತನು ಎರಡು ಹೆಜ್ಜೆ ಸರಿದರೆ ಅವೂ ಸರಿಯುತ್ತವೆ. ಪ್ರತಿಷ್ಠೆಯೆಂಬುದು ಸ್ಥಾಪನಾನಿಕ್ಷೇಪ, ಇದರಲ್ಲಿ ಇದು ಎಂಬ ನೆಲೆಗೊಳಿಸುವಿಕೆ. ಸರಿದಾಡುವುದರಲ್ಲಿ ಅದು ನೆಲೆಗೊಳ್ಳದು. ಕನ್ನಡಿಗೆ ಯೋಗ್ಯವಾದ ಸ್ಥಳ ಮಂಟಪ, ಸಭಾಂಗಣ, ತ್ರಿಲೋಕರಚನೆಯ ಸುತ್ತಲಿನ ಗೋಡೆ. ಹಳೇಬೀಡಿನ ಶಿಲ್ಪಿಯೂ ಅಜಮೇರದ ಶ್ರೇಷ್ಠಿಯೂ ಹಾಗೆಯೇ ಮಾಡಿದರು. ಇಂದೋರಿನ ಗರ್ಭಗೃಹವು ಇದಕ್ಕೆ ಅಪವಾದ. ಅದರ ಬೆಡಗನ್ನು ಮೆಚ್ಚಿಕೊಂಡೂ ಅದನ್ನು ಮಾದರಿಯೆನ್ನಲು ಮನಸ್ಸು ಹಿಂಜರಿಯುತ್ತದೆ.

ಗರ್ಭಗೃಹದ ಹತ್ತಿರಕ್ಕೆ ದರ್ಪಣವು ವಿಧಿಪೂರ್ವಕವಾಗಿ ಬರುವ ಸಂದರ್ಭ ಒಂದಿದೆ. ಗೋಡೆಯ ಮೇಲೆ ಬರೆದ ಜಿನಚಿತ್ರಕ್ಕೆ ಜಲಾಭಿಷೇಕ ಮಾಡಿದರೆ ಬಣ್ಣ ಕರಗುತ್ತದೆ. ಎತ್ತರದ ಶಿಖರಕ್ಕೆ ಕಲಶ ಎಟುಕುವುದಿಲ್ಲ. ಆಗ ಪ್ರತಿಷ್ಠಾಚಾರ್ಯರು ಒಂದು ಕನ್ನಡಿಯನ್ನು ಹಿಡಿಸಿ, ಚಿತ್ರದ ಅಥವಾ ಶಿಖರದ ಪ್ರತಿಬಿಂಬ ಅದರಲ್ಲಿ ಪೂರ್ಣವಾಗಿ ಮೂಡುವಂತೆ ಕೋನವನ್ನು ಸರಿಪಡಿಸಿ, ಮಂತ್ರೋಚ್ಚಾರಣೆಯೊಡನೆ ಕಲಶದ ನೀರನ್ನು ಕನ್ನಡಿಯ ಮೇಲೆ ಸುರಿಯುವ ವಾಡಿಕೆಯುಂಟು. ನೀರು ಪ್ರತಿಬಿಂಬದ ಮೇಲೆ ಹರಿದು ಕೆಳಗಿನ ತಟ್ಟೆಗೆ ಬೀಳುತ್ತದೆ. ಗೋಡೆಯ ಬಣ್ಣ ಒಣಗಿಯೇ ಇರುತ್ತದೆ. ಕೆಲಸ ಮುಗಿದ ಮೇಲೆ ಕನ್ನಡಿಯನ್ನು ಒರೆಸಿ ಅಷ್ಟಮಂಗಲಗಳ ಸಾಲಿನಲ್ಲಿ ಇಡುತ್ತಾರೆ.